ಸಿಮೆಂಟಿನ ಬೆನ್ನು

ತುರ್ಕಿಯ ಬುರ್ಸಾದ ಒಂದು ಹಳೆಯ ಮಸೀದಿಯ ಪಕ್ಕದ ಕೋಣೆಯಲ್ಲಿ ಹುಲೂಸಿ ಉಸ್ತಾ, ಎಂದರೆ ಹುಲೂಸಿ ಮೇಸ್ತ್ರಿ, ಬೆಳಗಿನಿಂದ ಕೂತಿದ್ದ. ನಲವತ್ತೆಂಟು ವರ್ಷದ ಹಿಂದೆ ಇಲ್ಲಿನ ಒಲೆಗೂಡಿಗೆ ಸಿಮೆಂಟು ಮೆತ್ತಿದವನು ತಾನೇ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಊರಿನ ಹಿರಿಯ ಗಾರೆಯವನೆಂದು ದುರಸ್ತಿ ನೋಡಲು ಮರ್ಯಾದೆಗೆ ಕರೆದಿದ್ದರು. ಮರ್ಯಾದೆ ಕಳೆದುಕೊಳ್ಳಲು ಅವನಿಗೇನೂ ಅವಸರವಿರಲಿಲ್ಲ.

ಉಸ್ಮಾನಿ ದೊರೆಗಳು ಇನ್ನೂ ಸಿಂಹಾಸನಕ್ಕಿಂತ ಕುದುರೆಯ ಮೇಲೇ ಹೆಚ್ಚು ಹೊತ್ತು ಕೂರುತ್ತಿದ್ದ ಕಾಲದ ಕಟ್ಟಡ. ಒಂದು ಸಾಲು ಕಲ್ಲು, ಮೂರು ಸಾಲು ಇಟ್ಟಿಗೆ. ನಡುವೆ ಒಂದರ ಹಿಂದೊಂದು ಗುಮ್ಮಟ. ಎಡಬಲಕ್ಕೆ ಅಲೆಮಾರಿ ದರ್ವೇಶಿಗಳು ಮೂರು ದಿನ ಉಂಡು ಮಲಗಲು ಕೋಣೆಗಳು. ಕೋಣೆಗೊಂದು ಒಲೆ, ಒಲೆಯ ಸುತ್ತ ಗಚ್ಚಿನಲ್ಲಿ ಕೆತ್ತಿದ ಹೂಬಳ್ಳಿ. ದರ್ವೇಶಿಗಳು ಬರುವುದು ಎಂದೋ ನಿಂತಿತ್ತು. ಅಂದಿನ ಮಸೀದಿ ಸಮಿತಿಯ ಅಧ್ಯಕ್ಷರು, "ದೇವರ ಮನೇಲಿ ಒಲೆ ಏನಯ್ಯಾ, ಇದೇನು ಕಬಾಬ್ ಅಂಗಡಿಯಾ? ಮುಚ್ಚು" ಎಂದಿದ್ದರು. ಹುಲೂಸಿ ಹೂಬಳ್ಳಿಯ ಸಮೇತ ಮುಚ್ಚಿದ್ದ.

ಈಗ ಜೀರ್ಣೋದ್ಧಾರಕ್ಕೆ ಬಂದ ಮುಜ್ಗಾನ್ ಆ ಸಿಮೆಂಟನ್ನು ಹಲಗೆಯಂತೆ ಬಿಡಿಸಿದಳು. ಅದರ ಹಿಂದಿದ್ದ ಹೂಬಳ್ಳಿಯ ಗಚ್ಚು ತೇವ ಕುಡಿದು ಹಿಟ್ಟಾಗಿತ್ತು; ಸುರಿದುಹೋಯಿತು.

"ಯಾವ ಕತ್ತೆ ಮೆತ್ತಿದ್ದೋ!" ಎಂದ, ಚಹಾ ತಂದಿದ್ದ ದುರ್ಸುನ್, ಮಸೀದಿಯಲ್ಲಿ ಬಾಂಗು ಕೂಗುವ ಮುಅಜ್ಜಿನ್.

"ಸತ್ತಿರಬೇಕು ಬಿಡು" ಎಂದ ಹುಲೂಸಿ.

ಮುಜ್ಗಾನ್ ಸಿಮೆಂಟಿನ ಹಲಗೆಯನ್ನು ಮಗುಚಿ ಕೂಗಿದಳು. "ಉಸ್ತಾ, ಬಳ್ಳಿಯ ಅಚ್ಚು ಬಿದ್ದಿದೆ! ಇದರಿಂದ್ಲೇ ಮತ್ತೆ ಎರಕ ಹೊಯ್ಯಬಹುದು." ಆಮೇಲೆ ಅವಳ ದನಿ ಇಳಿಯಿತು. "ಅಯ್ಯೋ, ನಡುವಿನ ಹೂವು ಇಲ್ವಲ್ಲ. ಸಿಮೆಂಟು ಹಿಡೀಲಿ ಅಂತ ಹೂವಿನ ಮೇಲೇ ಸುತ್ತಿಗೇಲಿ ಕಚ್ಚು ಹೊಡೆದಿದಾನೆ. ನೋಡಿ, ಎರಡು ಬೆರಳಿಗೊಂದು, ಒಂದೂ ಸಾಲು ತಪ್ಪಿಲ್ಲ. ಒಳ್ಳೆ ಕೆಲಸಗಾರ."

ಕತ್ತೆ ಎಂದಾಗ ಜಾರಿಕೊಂಡ ಹುಲೂಸಿಗೆ ಈ ಹೊಗಳಿಕೆ ತಡೆಯಲಾಗಲಿಲ್ಲ.

"ನಾನೇ ಹೊಡೆದದ್ದು, ಮಗಳೇ."

ದುರ್ಸುನ್ ಲೋಟಗಳನ್ನು ಎಣಿಸುವವನಂತೆ ತಟ್ಟೆ ನೋಡಿದ. ಮುಜ್ಗಾನ್ ಬೈಯಲಿಲ್ಲ. ಕಾಗದ, ಪೆನ್ಸಿಲು ಅವನ ಕೈಗೆ ತುರುಕಿದಳು.

"ಹಾಗಾದ್ರೆ ಅದನ್ನ ಪೂರ್ತಿ ನೋಡಿರೋರು ಲೋಕದಲ್ಲಿ ನೀವೊಬ್ರೇ! ಹೇಗಿತ್ತು ಉಸ್ತಾ ಆ ಹೂವು? ಎಸಳು ಎಷ್ಟು? ಬರೀರಿ."

ಹುಲೂಸಿ ಪೆನ್ಸಿಲು ಊರಿದ. ಅಂದಿನ ದಿನ ಅವನ ಕಣ್ಣ ಮುಂದೆ ನಿಚ್ಚಳವಾಗಿತ್ತು: ರೇಡಿಯೋದಲ್ಲಿ ಫುಟ್ಬಾಲ್ ಪಂದ್ಯ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ಅಧ್ಯಕ್ಷರು ಬೆನ್ನು ತಟ್ಟಿದ್ದು. ಕಾಗದದ ಮೇಲೆ ಒಂದು ಚುಕ್ಕೆ ಮಾತ್ರ ಬಿತ್ತು.

"ನೋಡ್ಲಿಲ್ಲ ಮಗಳೇ" ಎಂದ. "ಸಾಲು ತಪ್ಪಬಾರ್ದು ಅಂತ ಸುತ್ತಿಗೆಯನ್ನೇ ನೋಡ್ತಿದ್ದೆ."