ಅಕ್ಷರಾಳ ಕಲ್ಲಿನ ಸದ್ದು

ಮಕ್ಕಳು 'ನನ್ನ ಕಲ್ಲು ಸುಂದರವಾಗಿದೆ' ಎಂದು ಬರೆದರೆ ಭಾನುಮತಿಗೆ ಮೈಯೆಲ್ಲ ಉರಿಯುತ್ತಿತ್ತು. ಸುಂದರವಂತೆ! ಅದರಿಂದ ಯಾರಿಗೆ ಏನು ಕಂಡಂತಾಯಿತು? ಬಣ್ಣ ಹೇಳು, ತೂಕ ಹೇಳು, ಮೂಸಿ ನೋಡಿ ಹೇಳು, ಕೊನೆಗೆ ಇನ್ನೊಂದು ಕಲ್ಲಿನಿಂದ ಬಡಿದು ಸದ್ದು ಹೇಗಿದೆ ಹೇಳು ಎನ್ನುವುದು ಅವಳ ಪಾಠ. ನಾಗಪುರದ ಮದ್ದುಗುಂಡು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಮರಾಠಿ, ಹಿಂದಿಯ ನಡುವೆ ಬೆಳೆಯುತ್ತಿದ್ದ ಕನ್ನಡದ ಮಕ್ಕಳನ್ನು ಪ್ರತಿ ಭಾನುವಾರ ಮನೆಯಲ್ಲಿ ಕೂಡಿಸಿಕೊಂಡು ಬರೆಯಲು ಕಲಿಸುತ್ತಿದ್ದಳು. ಪ್ರತಿಯೊಬ್ಬರೂ ಒಂದೊಂದು ಕಲ್ಲು ತಂದು, ಅದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡೇ ಬರೆದದ್ದನ್ನು ಓದಬೇಕು. ಕೇಳಿದವರ ಕಣ್ಣಿಗೆ ಅದು ಕಟ್ಟಬೇಕು.

ಕೌಶಿಕ್ ತನ್ನ ಕರಿಕಲ್ಲನ್ನು ಬಡಿದು 'ಠಣ್' ಎನ್ನಿಸಿದ ಮೇಲೆ ಪುಟ್ಟ ಅಕ್ಷರಾಳ ಸರದಿ ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ನನ್ನ ಕಲ್ಲು ಸವತಿಕಾಯಿಯಷ್ಟು ಐತಿ. ಭಾಳ ವಜ್ಜ ಐತಿ. ಒಂದು ತುದಿ ಚೂಪ್ ಐತಿ."

"ಶಾಬಾಸ್! ಬಣ್ಣ?"

"ಮ್ಯಾಲೆ ಮಣ್ಣು ಮೆತ್ತೈತಿ. ಕೆರದ್ರ ಕೆಂಪು ಪುಡಿ ಉದರತೈತಿ. ಹಳೆ ತವಾದ ವಾಸನಿ. ಬುಡಕ್ಕ ತಾಮ್ರದ ಬಳಿ ತೊಡಿಸಿದಂಗ ಐತಿ."

ಭಾನುಮತಿ ಚೀಲದ ಕಡೆ ನೋಡಿದಳು. ಕಲ್ಲಿಗೆ ಎಲ್ಲಿಯ ತಾಮ್ರದ ಬಳೆ? ಗಂಡ ಭೀಮಪ್ಪ ಕೆಲಸ ಮಾಡುವುದೇ ತೋಪಿನ ಗುಂಡು ತಯಾರಾಗುವ ಕಡೆ. ಗುಂಡಿನ ಬುಡಕ್ಕೆ ತೊಡಿಸುವ ಅಂಥ ಬಳೆಯನ್ನು ಅವನೊಮ್ಮೆ ಚಿತ್ರ ಬಿಡಿಸಿ ತೋರಿಸಿದ್ದ. ಹುಡುಗಿ ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ, ಚೀಲದೊಳಗಿನದು ಭಾನುಮತಿಯ ಕಣ್ಣಿಗೆ ಕಟ್ಟಿಯೇಬಿಟ್ಟಿತು.

"ಎಲ್ಲಿ ಸಿಕ್ತವ್ವಾ?"

"ಮನಿ ಮುಂದ ಉಸುಕು ಹಾಕ್ಯಾರಲ್ರಿ ಕಾಕೂ, ಅದರಾಗ." ಅಕ್ಷರಾ ಕೌಶಿಕನ ಕರಿಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಚೀಲದೊಳಗೆ ಹಾಕಿದಳು. "ಸದ್ದಿಂದು ಇನ್ನೂ ಬರದಿಲ್ರಿ. ಈಗ ಬಡದು ಕೇಳಸ್ತೀನಿ."

ಚೀರಿದರೆ ಹುಡುಗಿ ಬೆಚ್ಚುತ್ತಾಳೆ, ಕೈಯಿಂದ ಬೀಳಿಸುತ್ತಾಳೆ. ಬಡಿ ಎಂದು ಕಲಿಸಿದವಳು ತಾನೇ ಅಲ್ಲವೇ!

"ಇವತ್ತು ಸದ್ದು ಬ್ಯಾಡವ್ವಾ," ಎಂದಳು ಭಾನುಮತಿ. ದನಿ ಏರಿಸಲಿಲ್ಲ. "ಕೈ ಹೊರಗ ತಗಿ. ಚೀಲ ಮುಟ್ಟಬ್ಯಾಡ. ಕೌಶಿಕ್, ಎಲ್ಲಾರನ್ನೂ ಮೈದಾನಕ್ಕ ಕರಕೊಂಡು ನಡಿ. ಜಲ್ದಿ. ಚಪ್ಪಲ್ ಗಿಪ್ಪಲ್ ಬ್ಯಾಡ."

ಮಕ್ಕಳು ಎದ್ದು ಹೊರಟರು. ಅಕ್ಷರಾ ಮಾತ್ರ ಅಲ್ಲಾಡಲಿಲ್ಲ, ಮುಖ ಸಣ್ಣದಾಗಿತ್ತು.

"ಎಲ್ಲಾರೂ ಬಡದಾರ. ನಂದಷ್ಟ ಯಾಕ ಬ್ಯಾಡ್ರಿ?"

ಭಾನುಮತಿ ಬಳಿಗೆ ಹೋಗಿ ಆ ಪುಟ್ಟ ಮುಷ್ಟಿಯಿಂದ ಕರಿಕಲ್ಲು ಬಿಡಿಸಿಕೊಂಡಳು. ಚೀಲವನ್ನು ಇದ್ದಲ್ಲೇ ಬಿಟ್ಟು, ಹುಡುಗಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಪ್ರತಿ ಮೆಟ್ಟಿಲಿಗೂ ಬೆನ್ನ ಹಿಂದೆ ಈಗ ಆಯಿತು, ಈಗ ಆಯಿತು ಅನ್ನಿಸುತ್ತಿತ್ತು.

ಫೋನ್ ಮಾಡಿದ ಕೂಡಲೇ ಭೀಮಪ್ಪ ಓಡಿ ಬಂದ. ಕಟ್ಟಡ ಖಾಲಿ ಮಾಡಿಸಿದರು. ಮಿಲಿಟರಿಯವರು ಬಂದು ಅದನ್ನು ಉಸುಕು ತುಂಬಿದ ಪೆಟ್ಟಿಗೆಯಲ್ಲಿಟ್ಟು ದೂರದ ಬಯಲಿಗೆ ಒಯ್ದರು. ಸಂಜೆ ಹೊತ್ತಿಗೆ ಆ ಕಡೆಯಿಂದ ಸದ್ದು ಬಂತು. ಕ್ವಾರ್ಟರ್ಸ್‌ನ ಕಿಟಕಿಗಳೆಲ್ಲ ಅದುರಿದವು.

"ಕಾಕೂ, ಅದು ನನ್ನ ಕಲ್ಲಿಂದೇನ್ರಿ?"

"ಹೂಂನವ್ವಾ."

"ಹಂಗಾರ ಸದ್ದಿಂದು ಈಗ ಬರೀಲೇನ್ರಿ?"

ಭಾನುಮತಿ ಹುಡುಗಿಯ ಕೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು.