ಒರೆಸಲು ಒಂದು ಲೋಟ

ಹೆಡ್‌ಮಾಸ್ಟರು ಸ್ಟೂಲಿನ ಮೇಲೆ ನಿಂತು, ಬ್ಯಾನರಿನ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಿಟಕಿಯ ಸರಳಿಗೆ ಗಂಟು ಹಾಕುತ್ತಿದ್ದಾಗ ಮಿಸ್‌ನ ಮಗಳು ಶಾಲೆಯ ಪ್ರಾರ್ಥನಾ ಮಂದಿರದೊಳಗೆ ಬಂದಳು. ಅವಳ ಹಿಂದೆಯೇ ನಾಲ್ವರು ಅವಳಮ್ಮನ ದೇಹವನ್ನು ಹೊತ್ತು ತಂದು, ವೇದಿಕೆಯ ಕೆಳಗೆ ಜೋಡಿಸಿದ್ದ ಬೆಂಚುಗಳ ಮೇಲೆ ಮೆಲ್ಲಗೆ ಇಳಿಸಿದರು. ಮಗಳು ಅಮ್ಮನ ಹೊದಿಕೆ ಸರಿಮಾಡಿ ತಲೆಯೆತ್ತಿದಳು. ಬ್ಯಾನರಿನಲ್ಲಿ ಅಮ್ಮನ ಹೆಸರು ದೊಡ್ಡದಾಗಿತ್ತು. ಅದರ ಕೆಳಗೆ ‘ಸ್ಮಾರಕ ಸನ್ನಡತೆ ಪದಕ’ ಎಂದು ಬರೆದಿತ್ತು.

ಶಾಲೆ ನಡೆಸುವ ಧರ್ಮಸಂಸ್ಥೆಯ ಅಧ್ಯಕ್ಷರು ಕೈಮುಗಿದು ಹತ್ತಿರ ಬಂದರು. “ನೀವು ಒಪ್ಪಿದ್ದು ತುಂಬ ಸಂತೋಷ ಆಯ್ತಮ್ಮ. ಹೆಡ್‌ಮಾಸ್ಟರು ನಿನ್ನೆ ಹೇಳಿದ ಕೂಡಲೇ ಬ್ಯಾನರ್ ಮಾಡಿಸಿಬಿಟ್ಟೆ. ಪ್ರಾರ್ಥನೆ ಆದಮೇಲೆ ಎಲ್ಲರ ಎದುರಿಗೇ ಘೋಷಣೆ ಮಾಡಿಬಿಡೋಣ.”

ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಅವಳು ಹೆಡ್‌ಮಾಸ್ಟರ ಕಡೆ ನೋಡಿದಳು. ದಾರ ಇನ್ನೂ ಅವರ ಬಾಯಲ್ಲೇ ಇತ್ತು. ಪಾಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

“ಸರ್, ಅಮ್ಮನಿಗೆ ಈ ಪದಕ ಗಿದಕ ಅಂದ್ರೆ ಆಗ್ತಿರಲಿಲ್ಲ” ಅಂದಳು ಮಗಳು.

“ಅದೇ ಅವರ ದೊಡ್ಡತನ” ಅಂದರು ಅಧ್ಯಕ್ಷರು, ಮತ್ತೆ ಕೈಮುಗಿದು.

ಚಿಕ್ಕಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಸುಮ್ನಿರೇ. ಜೀವಮಾನ ಎಲ್ಲ ಇಲ್ಲೇ ತೇದವಳು ನಮ್ಮಕ್ಕ. ಹೋಗೋವಾಗ ಒಂದು ಹೆಸರಾದ್ರೂ ಉಳೀಲಿ. ನಿಂದೇನು ಗಂಟು ಹೋಗುತ್ತೆ?”

ಅಮ್ಮ ಹೊರಗೆ ಹಾಕಿದ ವಸ್ತುವಿಗೆ ಅಮ್ಮನದೇ ಹೆಸರಿಟ್ಟು ಒಳಗೆ ತರುತ್ತಿದ್ದರು. ಅಮ್ಮ ಮಾತಾಡುವಂತಿರಲಿಲ್ಲ. ಈಗ ಬೇಡ ಅನ್ನಬೇಕಾದವಳು ತಾನೊಬ್ಬಳೇ.

*

ಮಿಸ್ ಈ ಶಾಲೆಗೆ ನೀತಿಪಾಠ ಹೇಳಲು ಸೇರಿದವರು. ಆಗ ಶಾಲೆಯ ಗೋಡೆ ತುಂಬ ನೀತಿವಾಕ್ಯ. ಸತ್ಯವನ್ನೇ ನುಡಿ, ಹಿರಿಯರನ್ನು ಗೌರವಿಸು, ಗೋಡೆಯ ಮೇಲೆ ಬರೆಯಬೇಡ. ಕೊನೆಯದನ್ನೂ ಗೋಡೆಯ ಮೇಲೇ ಬರೆದಿದ್ದರು. “ಗೋಡೆಗೆ ಬರೆದದ್ದನ್ನ ಗೋಡೆ ಓದಿಕೊಳ್ಳುತ್ತೆ, ಮಕ್ಕಳು ನಮ್ಮನ್ನ ಓದ್ತಾವೆ” ಅನ್ನುತ್ತಿದ್ದರು ಮಿಸ್.

ಒಂದು ದಿನ ಆಯಾ ಬಂದಿರಲಿಲ್ಲ. ಊಟ ಮುಗಿಸಿದ ಮಕ್ಕಳ ಸ್ಟೀಲ್ ಲೋಟಗಳು ಕಾರಿಡಾರಿನ ಕೊನೆಯ ನಲ್ಲಿಯ ಕೆಳಗೆ ರಾಶಿ ಬಿದ್ದಿದ್ದವು. ಮಿಸ್ ಸೆರಗು ಸಿಕ್ಕಿಸಿ ತೊಳೆಯಲು ನಿಂತರು. ಒಬ್ಬ ಹುಡುಗಿ ಬಂದು, ಕೇಳದೆಯೇ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಐದಾರು ಲೋಟ ಆದಮೇಲೆ, ಲೋಟವನ್ನೇ ನೋಡುತ್ತಾ, ಪಕ್ಕದವಳ ಪೆನ್ಸಿಲ್ ಡಬ್ಬಿ ತೆಗೆದದ್ದು ನಾನೇ ಅಂದಳು. ಮಿಸ್ ತಿರುಗಿ ನೋಡಲಿಲ್ಲ. ಇನ್ನೊಂದು ಲೋಟ ಕೊಟ್ಟು ಕೇಳಿದರು, “ಸರಿ, ಈಗ ಏನ್ ಮಾಡ್ಬೇಕು ಅಂತಿದ್ದೀಯಾ?”

ಅಷ್ಟೇ. ಮಾರನೆಯ ದಿನ ಆಯಾ ಬಂದರೂ ಮಿಸ್ ಲೋಟ ತೊಳೆಯುವುದನ್ನು ಬಿಡಲಿಲ್ಲ. ಹೇಳಬೇಕಾದ್ದು ಇದ್ದವರು ಬಂದು ಬಟ್ಟೆ ಹಿಡಿಯುತ್ತಿದ್ದರು. ಕೈಗೆ ಕೆಲಸ ಇದ್ದರೆ ಮುಖ ನೋಡಬೇಕಾಗಿಲ್ಲ, ನಾಲಿಗೆ ತಾನಾಗಿ ಸಡಿಲವಾಗುತ್ತದೆ. ಮಿಸ್‌ಗೆ ಎಷ್ಟೋ ಸಲ ವಿಷಯ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಕೇಳುತ್ತಿದ್ದರು. ಮಕ್ಕಳು ಅವರಿಗೆ ಲೋಟದ ಮಿಸ್ ಎಂದು ಹೆಸರಿಟ್ಟರು.

ಸಂಕಟವೆಲ್ಲ ಮಗಳದು. ಅವಳೂ ಅದೇ ಶಾಲೆ. ಗಂಟೆ ಹೊಡೆದು ಎಲ್ಲರೂ ಮನೆಗೆ ಹೋದಮೇಲೂ ಅವಳು ಮೆಟ್ಟಿಲ ಮೇಲೆ ಚೀಲ ಅಪ್ಪಿಕೊಂಡು, ಹಸಿದುಕೊಂಡು ಕಾಯಬೇಕಿತ್ತು. ಒಮ್ಮೆ ನೋಡುತ್ತಾಳೆ, ಲೋಟಗಳೆಲ್ಲ ಒರೆಸಿ ಕಪಾಟಿಗೆ ಸೇರಿವೆ. ಮೂಲೆಯಲ್ಲಿ ಒಬ್ಬ ಹುಡುಗ ಮಾತ್ರ ಇನ್ನೂ ಕಾಲು ಕೆರೆಯುತ್ತಾ ನಿಂತಿದ್ದಾನೆ. ಅಮ್ಮ ಒಣಗಿದ ಲೋಟವನ್ನು ಕಪಾಟಿನಿಂದ ತೆಗೆದು ಮತ್ತೆ ನೀರಲ್ಲಿ ಅದ್ದಿದರು.

“ತೊಳೆದಿದ್ದನ್ನೇ ತೊಳೀತಿದ್ದೀಯಲ್ಲಮ್ಮ, ನಿಂಗೇನು ತಲೆ ಕೆಟ್ಟಿದೆಯಾ?” ಅಂತ ಅವಳು ದಾರಿಯುದ್ದಕ್ಕೂ ಜಗಳವಾಡಿದ್ದಳು. ಊರ ಮಕ್ಕಳ ತಪ್ಪು ಕೇಳೋಕೆ ಪುರುಸೊತ್ತಿದೆ, ನನ್ನ ಹಸಿವು ಕೇಳೋಕಿಲ್ಲ ಅಂತ ಅತ್ತಿದ್ದಳು. ಅಮ್ಮ ಅವಳ ಚೀಲವನ್ನು ತಾವೇ ಹೊತ್ತುಕೊಂಡು ನಡೆದಿದ್ದರು.

ಆಮೇಲೆ ಸಂಸ್ಥೆಯವರು ಸನ್ನಡತೆ ಪದಕ ತಂದರು. ವರ್ಷವಿಡೀ ಒಂದೂ ತಪ್ಪು ಮಾಡದ ಮಗುವಿಗೆ ಪದಕ. ಆ ವರ್ಷ ನಲ್ಲಿಯ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಮಿಸ್ ಒಬ್ಬರೇ ತೊಳೆದು ಒಬ್ಬರೇ ಒರೆಸಿದರು. “ಮಕ್ಕಳು ತಪ್ಪು ಮಾಡೋದೇನೂ ನಿಂತಿಲ್ಲ ಕಣೇ, ಹೇಳೋದು ನಿಂತಿದೆ” ಅಂದರು ಮನೆಯಲ್ಲಿ. ಮಾರನೆಯ ವರ್ಷ ಪದಕಕ್ಕೆ ಮಗುವನ್ನು ಆರಿಸುವ ಕೆಲಸ ಅವರ ಕೊರಳಿಗೇ ಬಿತ್ತು. ಯಾರಾದ್ರೂ ಸಿಕ್ಕರಾ ಅಂತ ಕೇಳಿದಾಗಲೆಲ್ಲ, “ಹುಡುಕ್ತಾ ಇದ್ದೀನಿ ಸರ್, ಇನ್ನೂ ಯಾರೂ ಸಿಕ್ಕಿಲ್ಲ. ಕನ್ನಡಿಯಲ್ಲೂ ನೋಡಿದೆ, ಅಲ್ಲೂ ಇಲ್ಲ” ಅನ್ನುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಸಂಸ್ಥೆಯವರು ಪದಕವನ್ನೇ ನಿಲ್ಲಿಸಿದರು.

*

ಬಂದವರಿಗೆಲ್ಲ ಚಹಾ ಕೊಟ್ಟ ಲೋಟಗಳು ಅದೇ ನಲ್ಲಿಯ ಕೆಳಗೆ ರಾಶಿ ಬಿದ್ದಿದ್ದವು. ಮಗಳು ಒಳಗೆ ಕೂರಲಾರದೆ ಅಲ್ಲಿಗೆ ಬಂದು ತೊಳೆಯತೊಡಗಿದಳು.

“ಹೆತ್ತವಳು ಅಲ್ಲಿ ಮಲಗಿದ್ದಾಳೆ, ನೀನಿಲ್ಲಿ ಮುಸುರೆ ತಿಕ್ಕುತ್ತಾ ಇದ್ದೀಯಾ? ನೋಡಿದವರು ಏನಂದಾರು?” ಅಂದಳು ಚಿಕ್ಕಮ್ಮ.

“ನೋಡಿದವರು ಅಮ್ಮನ ಮಗಳು ಅಂತಾರೆ ಬಿಡು ಚಿಕ್ಕಮ್ಮ.”

ಶಾಲಾ ಬಸ್ಸಿನ ಡ್ರೈವರು ಬಂದು ಬಟ್ಟೆ ತೆಗೆದುಕೊಂಡ. ಅವನೂ ಇಲ್ಲೇ ಓದಿದವನು. “ನಾನು ಈ ಶಾಲೇಲಿ ಓದಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ ಅಕ್ಕಾ” ಅಂದ. “ಈಗಲೂ ಬಸ್ಸಿಗೆ ಎಲ್ಲಾದ್ರೂ ಗೀರು ಬಿದ್ರೆ ಸೀದಾ ಹೋಗಿ ಹೇಳಿಬಿಡ್ತೀನಿ. ಮಿಸ್ ಅಭ್ಯಾಸ ಕೆಡಿಸಿಟ್ಟುಬಿಟ್ಟರು.” ನಗಲು ಹೋಗಿ ಅವನಿಗೆ ಅಳು ಬಂತು. ಅದೇ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಹೆಡ್‌ಮಾಸ್ಟರು ಬರುವುದನ್ನು ಕಂಡು, ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅತ್ತ ಸರಿದ.

ಹೆಡ್‌ಮಾಸ್ಟರು ಕೋಟಿನ ತೋಳು ಮಡಿಸಿ ಬಟ್ಟೆ ಎತ್ತಿಕೊಂಡರು. ಒಂದು ಲೋಟ ಒರೆಸಿದರು. ಇನ್ನೊಂದು ಒರೆಸಿದರು.

“ಅಕ್ಕಾ, ಮನೆಯವರು ಒಪ್ಪಿದ್ದಾರೆ ಅಂತ ಅಧ್ಯಕ್ಷರಿಗೆ ಸುಳ್ಳು ಹೇಳಿದೆ” ಅಂದರು. “ಕೇಳಿದ್ರೆ ನೀವು ಬೇಡ ಅಂತೀರಿ ಅಂತ ಗೊತ್ತಿತ್ತು. ಮಿಸ್ ಹೆಸರು ಇಲ್ಲಿ ಉಳೀಬೇಕು ಅಂತ ಆಸೆ. ಅಧ್ಯಕ್ಷರ ಎದುರು ಇಲ್ಲ ಅನ್ನೋಕೆ ಭಯ. ಎರಡೂ ಸೇರಿಕೊಂಡುಬಿಟ್ಟವು.”

ಅವಳಿಗೆ ಬೆಳಗ್ಗೆಯಿಂದ ಗೊತ್ತಿತ್ತು. ನಾಲಿಗೆ ತುದಿಗೆ ಒಂದು ಕಟುವಾದ ಮಾತೂ ಬಂದಿತ್ತು. ಅದನ್ನು ನುಂಗಿಕೊಂಡು ಇನ್ನೊಂದು ಲೋಟ ಕೊಟ್ಟಳು.

“ಸರಿ ಸರ್. ಈಗ ಏನ್ ಮಾಡ್ಬೇಕು ಅಂತಿದ್ದೀರಾ?”

ಅವರ ಕೈ ನಿಂತಿತು. ಆ ಪ್ರಶ್ನೆಯನ್ನು ಅವರು ಇದೇ ಜಾಗದಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲಿ ಮಿಸ್ ಬಾಯಿಂದ ಕೇಳಿಸಿಕೊಂಡಿದ್ದರು. ಲೋಟವನ್ನು ಪೂರ್ತಿ ಒರೆಸಿ ಕಪಾಟಿನಲ್ಲಿಟ್ಟು ಒಳಗೆ ಹೋದರು.

*

ಪ್ರಾರ್ಥನೆ ಮುಗಿಯಿತು. ಮುಂದಿನ ಸಾಲುಗಳಲ್ಲಿ ಚಿಕ್ಕ ಮಕ್ಕಳು, ಹಿಂದೆ ದೊಡ್ಡವರಾಗಿ ಹೋದ ಮಕ್ಕಳು. ಅಧ್ಯಕ್ಷರು ಘೋಷಣೆ ಮಾಡಿ ಎಂದು ಕಣ್ಸನ್ನೆ ಮಾಡಿದರು. ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತರು.

“ಮಿಸ್ ಹೆಸರಲ್ಲಿ ಪದಕ ಕೊಡೋಕೆ ಅವರ ಮನೆಯವರು ಒಪ್ಪಿದ್ದಾರೆ ಅಂತ ನಾನು ಅಧ್ಯಕ್ಷರಿಗೆ ಹೇಳಿದ್ದೆ. ಅದು ಸುಳ್ಳು. ನಾನು ಅವರನ್ನ ಕೇಳೇ ಇರಲಿಲ್ಲ. ಮಿಸ್‌ಗೆ ಆ ಪದಕ ಇಷ್ಟ ಇರಲಿಲ್ಲ. ಮಕ್ಕಳೇ, ನಿಮ್ಮ ಹೆಡ್‌ಮಾಸ್ಟರು ಸುಳ್ಳು ಹೇಳಿದ್ದಾರೆ. ಕ್ಷಮಿಸಿ.”

ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದಳು. ಹೆಡ್‌ಮಾಸ್ಟರು ಕೆಳಗಿಳಿದು, ಸ್ಟೂಲು ಎಳೆದುಕೊಂಡು ತಾವು ಕಟ್ಟಿದ ಗಂಟನ್ನು ತಾವೇ ಬಿಚ್ಚಿದರು. ಇನ್ನೊಂದು ತುದಿಯನ್ನು ಡ್ರೈವರು ಬಿಚ್ಚಿದ. ಅಧ್ಯಕ್ಷರ ಮುಖ ಕೆಂಪಗಾಗಿತ್ತು. “ಈ ವಿಷಯ ಆಮೇಲೆ ಮಾತಾಡೋಣ” ಎಂದಷ್ಟೇ ಅಂದರು. ಅದರ ಅರ್ಥ ಹೆಡ್‌ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು, ಮಗಳಿಗೂ ಗೊತ್ತಾಯಿತು.

ಅಮ್ಮನನ್ನು ಎತ್ತುವಾಗ ಮಗಳು ತಡೆಯಲಾರದೆ ಅತ್ತಳು. ಇಷ್ಟು ಒಳ್ಳೆಯವಳ ಮೇಲೆ ಅಷ್ಟೊಂದು ಕೋಪ ಮಾಡಿಕೊಂಡಿದ್ದೆನಲ್ಲಾ ಎಂದು ಅತ್ತಳು. ಚಿಕ್ಕಮ್ಮ ಅವಳ ಬೆನ್ನು ಸವರುತ್ತಾ, “ಹೋಗ್ಲಿ ಬಿಡೇ, ಹೆಸರು ಬರೆಸಿದ್ರೆ ಅಕ್ಕ ನನ್ನನ್ನೂ ಸುಮ್ನೆ ಬಿಡ್ತಿರಲಿಲ್ಲ” ಅಂದಳು.

ಎಲ್ಲ ಮುಗಿಸಿ ಶಾಲೆಗೆ ವಾಪಸು ಬಂದಾಗ ಬಿಸಿಲು ಇಳಿದಿತ್ತು. ಉಳಿದ ಲೋಟಗಳನ್ನು ಮಗಳು ತೊಳೆದು, ಒರೆಸಿ, ಕಪಾಟಿಗೆ ಜೋಡಿಸಿದಳು. ಹೊರಗೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು, ಮನೆಗೆ ಹೋಗೋಣ ಬಾರೇ, ಹೊಟ್ಟೆ ಹಸೀತಾ ಇದೆ ಎಂದು ಕರೆಯುತ್ತಿದ್ದಳು. ಮಗಳು ಕೈ ಒರೆಸಿಕೊಂಡು ತಿರುಗಿದಳು.

ಕಾರಿಡಾರಿನ ಮೂಲೆಯಲ್ಲಿ ಅಧ್ಯಕ್ಷರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರ ಕೈಯಲ್ಲಿ ತಮ್ಮದೇ ಕರವಸ್ತ್ರವಿತ್ತು, ಅದನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು.

“ಲೋಟ ಎಲ್ಲಾ ಮುಗೀತೇನಮ್ಮ?” ಅಂದರು.

ಮಗಳು ಕಪಾಟಿನ ಕಡೆ ನೋಡಿದಳು. ಎಲ್ಲವೂ ಒಣಗಿದ್ದವು. ಅವಳು ಒಂದನ್ನು ತೆಗೆದು, ಮತ್ತೆ ನೀರಿನಲ್ಲಿ ಅದ್ದಿ, ಅವರ ಕೈಗೆ ಕೊಟ್ಟಳು.