ಗಡಿ ದಾಟುವ ಕಿರುಬೆರಳು

ಮತ್ತೆ ಬಂತು ಆ ಕಿರುಬೆರಳು, ಅಕ್ಕನ ಎಡಗೈಯಿಂದ ತಾನಾಗಿಯೇ ಕಳಚಿಕೊಂಡ ಹಾಗೆ ತೆವಳಿ ಬಂದು, ಪಿಯಾನೊದಲ್ಲಿ ಶರೋಲ್ತಾಳ ಸೀಮೆಯ ಕರಿಮನೆಯೊಂದನ್ನು ಒತ್ತಿ, ಏನೂ ಅರಿಯದಂತೆ ಹಿಂದೆ ಸರಿಯಿತು — ಮೂರನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು, ಒದ್ದೆ ಉಣ್ಣೆಯ ಕೋಟುಗಳ ವಾಸನೆ, ಹೊರಗೆ ತಿಸಾ ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ, ಭಾನುವಾರದ ಹನ್ನೊಂದು ಗಂಟೆಯ ಕಛೇರಿಗೆ ಸೆಗೆಡ್ ಊರಿನ ಜನ ಪ್ರಾರ್ಥನೆ ಮುಗಿಸಿ ನೇರವಾಗಿ ಬಂದು ಕೂತಿದ್ದಾರೆ, ಅವರಿಗೆ ಕಾಣುವುದು ಒಂದು ಪಿಯಾನೊ, ಎರಡು ಕುರ್ಚಿ, ನಾಲ್ಕು ಕೈ, ಬಲಕ್ಕೆ ಅಕ್ಕ ವಿಲ್ಮಾ, ಎಡಕ್ಕೆ ತಂಗಿ ಶರೋಲ್ತಾ, ನಲವತ್ತೈದು ವರ್ಷಗಳಿಂದ ಇದೇ ಕ್ರಮ, ಮೇಲಿನ ಸ್ವರಗಳು ಅಕ್ಕನವು, ಕೆಳಗಿನವು ತಂಗಿಯವು, ಪೆಡಲಿನ ಮೇಲಿನ ಕಾಲು ಮಾತ್ರ ಇಬ್ಬರ ಪರವಾಗಿಯೂ ತಂಗಿಯದು, ಅದನ್ನು ಒತ್ತಿ ಹಿಡಿದರೆ ಸ್ವರಗಳು ಒಂದರೊಳಗೊಂದು ಕರಗಿ ಮಂಜಾಗುತ್ತವೆ, ಎತ್ತಿದರೆ ಒಂದೊಂದೂ ಬೆತ್ತಲೆ, ಅವಳು ಒತ್ತಿದಳು, ಇನ್ನೂ ಒಂದಿಷ್ಟು ಒತ್ತಿದಳು, ಆ ಕಿರುಬೆರಳಿನ ಅತಿಕ್ರಮಣ ಮಂಜಿನಲ್ಲಿ ಮುಚ್ಚಿಹೋಯಿತು, ಇದು ಇವತ್ತಿಗೆ ಏಳನೆಯ ಸಲ, ಎರಡು ವರ್ಷಗಳಿಂದ ಎಷ್ಟನೆಯದೋ. ಅಕ್ಕನ ಬೆರಳು ಅಕ್ಕನ ಮಾತು ಕೇಳುತ್ತಿಲ್ಲ. ಪಾಪ, ಎಂದು ಮೊದಮೊದಲು ಅನ್ನಿಸುತ್ತಿತ್ತು. ಇವತ್ತು ಹಾಗೆ ಅನ್ನಿಸಬಾರದು, ಕೊನೆಯ ಕೃತಿ ನಡೆಯುತ್ತಿದೆ, ಇನ್ನು ಎರಡು ತಿರುವು ದಾಟಿದರೆ ಪೆಡಲಿಲ್ಲದ ಆ ಹತ್ತು ಆವರ್ತಗಳು, ಅಲ್ಲಿ ಕಾಲು ಎತ್ತುತ್ತೇನೆ, ಎತ್ತಲೇಬೇಕು.

ಕಾಲು ಯಾರದೋ ಮನೆ ಅವರದು ಕಣ್ರೇ ಹುಡುಗೀರಾ, ಪಿಯಾನೊ ಕಲಿಸಿದ ಗಿಜಿ ನೇನಿ, ಗಿಜಿ ಅತ್ತೆ, ಹೇಳಿದ್ದು, ಪಾಠದ ಕೋಣೆಯಲ್ಲಿ ಬೇಯಿಸಿದ ಎಲೆಕೋಸಿನ ವಾಸನೆ, ಮೇಷ್ಟರಮ್ಮನ ಕೈಯಲ್ಲಿ ಸದಾ ಒಂದು ಹೆಣಿಗೆ ಕಡ್ಡಿ, ಶರೋಲ್ತಾಳಿಗೆ ಒಂಬತ್ತು ವರ್ಷ, ಕಾಲು ಪೆಡಲಿಗೆ ಎಟುಕುವುದಿಲ್ಲ, ಸೇಬಿನ ಪೆಟ್ಟಿಗೆಯ ಹಲಗೆ ಕಿತ್ತು ಕಾಲಡಿಗೆ ಕಟ್ಟಿದ್ದರು, ದೊಡ್ಡವಳು ಮೇಲೆ ಕೂತ್ಕೊಳ್ಲಿ, ಅವಳ ಮುಖ ಜನಕ್ಕೆ ಚೆನ್ನಾಗಿ ಕಾಣತ್ತೆ, ಚಿಕ್ಕವಳು ಕೆಳಗೆ, ಯಾಕೆ ನೇನಿ, ಯಾಕೆ ಅಂದ್ರೆ ನಿನ್ನ ಕಿವಿ ಚುರುಕು, ಕಿವಿ ಚುರುಕಿರೋರು ಯಾವಾಗಲೂ ಕೆಳಗೇ ಇರ್ಬೇಕು, ಅಡಿಪಾಯ ಕಾಣಲ್ಲ ಅಂತ ಅಳ್ತಾರೇನೇ ಯಾರಾದರೂ. ಮತ್ತೆ ಆ ಕಡ್ಡಿ ಬೆರಳ ಗಿಣ್ಣಿನ ಮೇಲೆ ಬೀಳುತ್ತಿದ್ದುದು ತಪ್ಪು ಸ್ವರಕ್ಕಲ್ಲ, ಸ್ವಂತ ಕೈ ನೋಡಿಕೊಂಡದ್ದಕ್ಕೆ, ತನ್ನ ಕೈ ನೋಡ್ಕೊಳ್ಳೋಳು ಕನ್ನಡಿ ಮುಂದೆ ಹೋಗಿ ಕೂತ್ಕೊಳ್ಲಿ, ಇಲ್ಲಿ ಅಕ್ಕ ತಂಗಿ ಕೈ ನೋಡ್ಬೇಕು, ತಂಗಿ ಅಕ್ಕನ ಕೈ ನೋಡ್ಬೇಕು, ಆಗ್ಲೇ ನಾಲ್ಕು ಕೈ ಒಬ್ಬಳದಾಗೋದು — ನಲವತ್ತೈದು ವರ್ಷ ಹಾಗೆಯೇ ನೋಡಿದ್ದಾಳೆ, ಅಕ್ಕನ ಎಡಗೈಯ ಒಂದೊಂದು ನರವೂ ಅವಳಿಗೆ ಗೊತ್ತು, ಲೈಪ್‌ಜಿಗ್‌ನಲ್ಲಿ ಮೊದಲ ಬಹುಮಾನ ಬಂದಾಗಿನ ಆ ಕೈ, ತ್ರಿಯೆಸ್ತೆಯಲ್ಲಿ ಹಸ್ತಾಕ್ಷರ ಹಾಕಿ ಊದಿಕೊಂಡ ಆ ಕೈ, ಹೂಗುಚ್ಛ ಯಾವಾಗಲೂ ಮೊದಲು ಹೋಗಿ ಸೇರುತ್ತಿದ್ದ ಆ ಕೈ, ಕೆಳಗೆ ಕೂತವಳ ಪಾಲಿಗೆ ಬರುತ್ತಿದ್ದುದು ಎರಡನೆಯ ಗುಚ್ಛ, ಒಂದು ಹಿಡಿ ಸಣ್ಣದು. ಒಬ್ಬ ವಿಮರ್ಶಕ ಬರೆದಿದ್ದ, ಬೊದ್ನಾರ್ ಸೋದರಿಯರಲ್ಲಿ ಹಿರಿಯಳು ಮಾತಾಡುತ್ತಾಳೆ, ಕಿರಿಯಳು ತಲೆದೂಗುತ್ತಾಳೆ. ಅಕ್ಕ ಆ ಪತ್ರಿಕೆಯನ್ನು ರೈಲಿನ ಕಿಟಕಿಯಿಂದಾಚೆ ಎಸೆದಿದ್ದಳು, ಓದ್ಬೇಡ ಬಿಡೆ, ಅವನಿಗೆ ಕಿವಿ ಇಲ್ಲ. ತಂಗಿ ಆಗಲೇ ಓದಿದ್ದಳು, ಒಂದು ಸಾಲೂ ಮರೆತಿಲ್ಲ.

ಮೊದಲ ತಿರುವು ಬಂತು, ರಾಗ ಅಕ್ಕನ ಬಲಗೈಗೆ ಏರಿತು, ಶುದ್ಧವಾಗಿದೆ, ಆಶ್ಚರ್ಯ, ಬಲಗೈಗೆ ಏನೂ ಆಗಿಲ್ಲ, ಎಡಗೈ ಒಂದೇ, ಅದರಲ್ಲೂ ಆ ಒಂದು ಬೆರಳೇ — ಐದನೆಯ ಸಾಲಿನ ಅಂಚಿನಲ್ಲಿ ದೆಜೆ ಕಾಲ್ನೊಕಿ ಕೂತಿದ್ದಾನೆ, ಇಬ್ಬರ ಕಛೇರಿಗಳನ್ನೂ ಗೊತ್ತುಮಾಡುವವನು, ತೊಡೆಯ ಮೇಲೆ ಕಪ್ಪು ಟಿಪ್ಪಣಿ ಪುಸ್ತಕ, ಸಂಗೀತ ಕೇಳುವಾಗ ಕಣ್ಣು ಮುಚ್ಚುವುದು ಅವನ ಪದ್ಧತಿ, ಕಣ್ಣು ಸುಳ್ಳು ಹೇಳತ್ತೆ ಅನ್ನುತ್ತಾನೆ. ಗುರುವಾರ ಮಿಠಾಯಿ ಅಂಗಡಿಯಲ್ಲಿ ಅವಳೊಬ್ಬಳನ್ನೇ ಕರೆಸಿದ್ದ, ನಿಮ್ಮ ಕೈಗೆ ಮುತ್ತು ಶರೋಲ್ತಾ ಅವರೇ, ಅಂದು ಬಾಗಿ ಮುತ್ತಿಟ್ಟವನು ಹುಬ್ಬೇರಿಸಿದ, ಅಯ್ಯೋ ಏನಿದು, ಕೈಯೋ ಹಿಮದ ಗಡ್ಡೆಯೋ, ಹೊರಗೆ ಚಳಿ ಅಲ್ವಾ ಅಂದಳು, ಒಳಗೆ ಬಂದು ಅರ್ಧ ಗಂಟೆ ಆಯ್ತಲ್ಲ ಅಂದ, ಅರೆದ ಚೆಸ್ಟ್‌ನಟ್ಟಿನ ಮೇಲೆ ಕೆನೆ ಹಾಕಿದ ಬಟ್ಟಲು ಬಂತು, ಅವಳ ಚಮಚ ಜಾರಿ ನೆಲಕ್ಕೆ ಬಿತ್ತು, ಹೊಸದನ್ನು ತರಿಸಿದ, ನೇರವಾಗಿ ಹೇಳ್ಬಿಡ್ತೀನಿ ನೋಡಿ, ಗ್ರಾಜ್‌ನೋರು ಮುಂದಿನ ವರ್ಷಕ್ಕೆ ಇಪ್ಪತ್ತು ಕಛೇರಿ ಕೇಳ್ತಿದಾರೆ, ಆದ್ರೆ ಹೋದ ವರ್ಷದ ಧ್ವನಿಮುದ್ರಣ ಕೇಳಿದ್ರಂತೆ, ಮಂಜು, ಬರೀ ಮಂಜು, ಏನು ಮುಚ್ಚಿಡ್ತಿದಾರೆ ಇವ್ರು ಅಂತ ಕೇಳಿದ್ರು. ನಿಮ್ಮಿಬ್ಬರಲ್ಲಿ ಒಬ್ಬರ ಕೈ ಸೋತಿದೆ. ಯಾರದು ಅಂತ ನೀವು ಹೇಳ್ಬೇಡಿ, ಅಕ್ಕ ತಂಗಿ ಬಾಯಲ್ಲಿ ಅದು ಬರ್ಬಾರ್ದು, ಭಾನುವಾರ ನಾನೇ ಬಂದು ಕೇಳ್ತೀನಿ. ಆ ಕೊನೆಯ ಸೊನಾಟಾದಲ್ಲಿ ಹತ್ತು ಆವರ್ತ ಪೆಡಲ್ ಇಲ್ಲ ಅಲ್ವಾ, ಅಲ್ಲಿ ಎಲ್ಲಾ ಗೊತ್ತಾಗತ್ತೆ. ಉಳಿದೋರಿಗೆ ಹೊಸ ಜೊತೆ ಹುಡುಕಿಕೊಡೋದು ನನ್ನ ಕೆಲಸ. ಇಲ್ಲ ಅನ್ನಬೇಕಿತ್ತು ಅವಳು, ಎದ್ದು ಬರಬೇಕಿತ್ತು, ಬರಲಿಲ್ಲ, ಎಡಗೈಯಲ್ಲಿ ಹೊಸ ಚಮಚ ಹಿಡಿದು ಬಟ್ಟಲು ಖಾಲಿ ಮಾಡಿದಳು, ಮೇಲೆ ಕೂರುವ ಕುರ್ಚಿ, ಮೊದಲ ಹೂಗುಚ್ಛ, ಮಳೆಯ ಹಾಗೆ ಚದುರಿ ಶುರುವಾಗಿ ಬರಬರುತ್ತ ಇಡೀ ಸಭೆ ಒಂದೇ ಲಯಕ್ಕೆ ಬಿದ್ದು ಸುತ್ತಿಗೆಯಂತೆ ಬಡಿಯುವ ನಮ್ಮ ಜನರ ಕಬ್ಬಿಣದ ಚಪ್ಪಾಳೆ, ಅದು ತನ್ನೊಬ್ಬಳ ಹೆಸರಿಗೆ ಬಿದ್ದರೆ ಹೇಗಿರಬಹುದು, ಇಷ್ಟನ್ನೇ ಯೋಚಿಸುತ್ತ ತಿಂದಳು, ರುಚಿ ನೆನಪಿಲ್ಲ.

ಎಂಟನೆಯ ಸಲ, ಕಿರುಬೆರಳು, ಅದೇ ಕರಿಮನೆ, ಒತ್ತಿತು, ಹೋಯಿತು — ಅಕ್ಕನಿಗೂ ಗೊತ್ತಿದೆ, ಗೊತ್ತಿರುವುದಕ್ಕೇ ಈಚೆಗೆ ಇಷ್ಟೊಂದು ಉಪಚಾರ, ತಪ್ಪಿತಸ್ಥರ ಉಪಚಾರ, ಬೆಳಗ್ಗೆ ಪೊಗಾಚಾ ರೊಟ್ಟಿಯನ್ನು ಸೀಳಿ ಬೆಣ್ಣೆ ಸವರಿ ಕೊಟ್ಟಳು, ನನಗೇನು ಕೈ ಇಲ್ವಾ ಅಂದರೆ, ತಿನ್ನೇ ಸುಮ್ನೆ, ಉಡುಪಿನ ಬೆನ್ನ ಹಿಂದಿನ ಗುಂಡಿಗಳನ್ನಿರಲಿ, ಮುಂಗೈಯ ಗುಂಡಿಯನ್ನೂ ತಾನೇ ಹಾಕುತ್ತಾಳೆ, ಟ್ರಾಮಿನ ಚೀಟಿ ಶರೋಲ್ತಾಳ ಕೈಯಿಂದ ಮೂರು ಸಲ ಜಾರಿದ್ದಕ್ಕೆ ಮೂರು ಸಲವೂ ತಾನೇ ಬಗ್ಗಿ ಎತ್ತಿದಳು, ಚಳಿ ಕಣೆ, ಹೂಂ ಚಳಿ. ಅಭ್ಯಾಸಕ್ಕೂ ಒಬ್ಬಳನ್ನೇ ಬಿಡುವುದಿಲ್ಲ, ಇರು ನಾನೂ ಬಂದೆ ಅನ್ನುತ್ತಾಳೆ, ತಾನೊಬ್ಬಳೇ ಕೂತು ನುಡಿಸಿ ಎರಡು ವರ್ಷವೇ ಆಯಿತಲ್ಲ ಎಂಬುದು ಶರೋಲ್ತಾಳಿಗೆ ಈಗ ಹೊಳೆಯುತ್ತದೆ, ವಿಚಿತ್ರ, ಯಾಕೆ ಹಾಗೆ, ಯೋಚನೆ ಅಲ್ಲೇ ಬಿಟ್ಟುಹೋಯಿತು, ಏಕೆಂದರೆ ಇನ್ನೊಂದು ಚೀಟಿ ಕಣ್ಣಮುಂದೆ ಬಂತು, ಸಂಗೀತದ ಹಾಳೆ ಹುಡುಕಲು ಅಕ್ಕನ ಚೀಲಕ್ಕೆ ಕೈ ಹಾಕಿದಾಗ ಸಿಕ್ಕಿದ್ದು, ನರರೋಗದ ವೈದ್ಯರು, ಮಂಗಳವಾರ, ಒಂಬತ್ತೂವರೆ, ಬೊದ್ನಾರ್. ಸರಿ, ಅನುಮಾನವೇ ಉಳಿಯಲಿಲ್ಲ, ಚೀಟಿಯನ್ನು ಇದ್ದಲ್ಲೇ ಇಟ್ಟಳು, ಅಕ್ಕ ಹೇಳಲಿಲ್ಲ, ತಂಗಿ ಕೇಳಲಿಲ್ಲ. ಆಮೇಲೆ ಇವತ್ತು, ಒಂದು ಗಂಟೆ ಹಿಂದೆ, ವೇದಿಕೆಯ ಹಿಂದಿನ ಕೋಣೆಯಲ್ಲಿ, ಕನ್ನಡಿಗೆ ಬೆನ್ನು ಮಾಡಿ ನಿಂತು ವಿಲ್ಮಾ ಅವಳ ಬಲಗೈಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟು ಉಜ್ಜುತ್ತ, ಶಾರಿ, ಒಂದು ಮಾತು, ಆ ಹತ್ತು ಆವರ್ತದಲ್ಲೂ ಕಾಲು ಎತ್ತಬೇಡ, ಒತ್ತಿ ಹಿಡಿದಿರು. ಒಣಗಿರಲಿ, ಪೆಡಲ್ ಬೇಡ ಅಂತ ಬರೆದಿದಾರಲ್ಲಕ್ಕ, ಸೊನಾಟಾ ಕಟ್ಟಿದ ಗಿಜಿ ನೇನಿ ಗಂಡ ಕೈಯಾರೆ ಬರೆದಿದ್ದು. ಬರೆದೋರೂ ಸತ್ರು, ಪಾಠ ಹೇಳಿದೋಳೂ ಸತ್ಲು, ಬೈಯೋಕೆ ಯಾರೂ ಬರಲ್ಲ, ಒತ್ತಿ ಹಿಡಿ. ಯಾಕೆ? ಯಾಕೆ ಅಂತ ಕೇಳ್ಬೇಡ, ಮಂಗಳವಾರ ಆದ್ಮೇಲೆ ಎಲ್ಲಾ ಹೇಳ್ತೀನಿ, ಅಲ್ಲೀವರೆಗೆ ನನಗೋಸ್ಕರ. ಕಣ್ಣಲ್ಲಿ ನೀರಿತ್ತು. ಆಮೇಲೆ ಎಂದಿನಂತೆ, ವೇದಿಕೆ ಹತ್ತುವ ಮುಂಚೆ ಅದೃಷ್ಟಕ್ಕಾಗಿ ಹೇಳುವ ಮಾತು, ಟೋಪಿ ಕೋಟು, ಅಂದಳು ಅಕ್ಕ, ತಿರುಗಿ ಟೋಪಿ ಕೋಟು ಅನ್ನಬೇಕಿತ್ತು ತಂಗಿ, ನಲವತ್ತೈದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದ್ದಿಲ್ಲ, ಇವತ್ತು ಬಾಗಿಲು ತೆರೆದು ಮೊದಲೇ ನಡೆದುಬಿಟ್ಟಳು.

ಎರಡನೆಯ ತಿರುವು. ಅಕ್ಕನ ಎರಡೂ ಕೈಗಳು ಬಲತುದಿಗೆ ಹೊರಟವು, ಆ ಹತ್ತು ಆವರ್ತಗಳಲ್ಲಿ ರಾಗವನ್ನು ಅವು ಮುತ್ತಿನ ಸರದ ಹಾಗೆ ಪಾಲು ಹಂಚಿಕೊಂಡು ಪೋಣಿಸಬೇಕು, ಎಡಗೈಗೆ ಒಂದು ಮುತ್ತು, ಬಲಗೈಗೆ ಒಂದು, ಕೆಳಗೆ ಶರೋಲ್ತಾಳ ಬಲಗೈ ಕಿರುಬೆರಳು ಅದೊಂದೇ ಕರಿಮನೆಯನ್ನು ಗಂಟೆಯ ಹಾಗೆ ಬಾರಿಸುತ್ತಿರಬೇಕು, ಅಷ್ಟೇ, ಮಗುವೂ ಬಾರಿಸಬಹುದು — ಬೇಡ ಶಾರಿ, ತುಟಿ ಅಲುಗದ ಪಿಸುಮಾತು, ಅಕ್ಕನ ಉಸಿರು ಕೆನ್ನೆಗೆ ತಾಗಿತು, ಬೇಡ ಕಣೆ, ದೆಜೆ ಕಣ್ಣು ಮುಚ್ಚಿದ್ದಾನೆ, ಕೆಮ್ಮು ನಿಂತಿದೆ, ಕ್ಷಮಿಸು ಅಕ್ಕ, ನಲವತ್ತೈದು ವರ್ಷ ತಲೆದೂಗಿದ್ದೇನೆ, ಅವಳು ಕಾಲು ಎತ್ತಿದಳು. ಮಂಜು ಒಂದೇ ಸಲಕ್ಕೆ ಎದ್ದುಹೋಯಿತು. ಮುತ್ತುಗಳು ಬಿದ್ದವು, ಒಂದು, ಎರಡು, ನಾಲ್ಕು, ಎಂಟು, ಈಗ ತಪ್ಪುತ್ತಾಳೆ, ಈಗ, ತಪ್ಪಲಿಲ್ಲ, ಅಕ್ಕನ ಎಡಗೈ ಕನ್ಯೆಯ ಕೈಯಂತೆ ನುಡಿಸುತ್ತಿದೆ, ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ, ಆದರೆ ಏನೋ ಇಲ್ಲ, ಎಲ್ಲೋ ಒಂದು ತೂತು, ಮುತ್ತುಗಳ ಕೆಳಗೆ ನೆಲವೇ ಇಲ್ಲ, ಏನದು, ಗಂಟೆ, ಗಂಟೆ ಕೇಳುತ್ತಿಲ್ಲ, ಗಂಟೆ ಯಾರದು, ಗಂಟೆ ಬಾರಿಸುವವರು ಯಾರು, ನಾನು ಬಾರಿಸುತ್ತಿದ್ದೇನಲ್ಲ, ಬೆರಳು ಇಳಿಯುತ್ತಿದೆಯಲ್ಲ — ಹೆಣಿಗೆ ಕಡ್ಡಿಯ ಭಯ ಗಿಣ್ಣಿನಲ್ಲಿ ಚುರುಕ್ಕೆಂದಿತು, ಆದರೂ ನೋಡಿದಳು, ಒಂಬತ್ತನೆಯ ವಯಸ್ಸಿನಿಂದ ವೇದಿಕೆಯ ಮೇಲೆ ನೋಡದಿದ್ದ ತನ್ನ ಬಲಗೈಯನ್ನು ನೋಡಿದಳು, ಉಂಗುರದ ಬೆರಳೂ ಕಿರುಬೆರಳೂ ಅಂಗೈಯೊಳಕ್ಕೆ ಮಡಚಿಕೊಂಡು ಬಿದ್ದಿವೆ, ನಿದ್ದೆ ಹೋದ ಮಕ್ಕಳ ಹಾಗೆ, ಎಷ್ಟು ಕಾಲದಿಂದಲೋ, ಏಳಿ ಅಂದಳು, ಏಳಲಿಲ್ಲ. ಎಂಟು ಸಲ ಗಡಿ ದಾಟಿ ಬಂದದ್ದು ಹಾದಿ ತಪ್ಪಿದ ಬೆರಳಲ್ಲ. ಮಂಗಳವಾರದ ಬೊದ್ನಾರ್ ಯಾರು. ಕಾಲು ಮತ್ತೆ ಪೆಡಲಿಗೆ ಇಳಿಯಬೇಕು, ಇಳಿಸು, ಈಗ ಇಳಿಸಿದರೆ ಇನ್ನೂ ಮಂಜಿನಲ್ಲಿ ಮುಚ್ಚಬಹುದು, ಕಾಲು ಗಾಳಿಯಲ್ಲೇ ನಿಂತಿದೆ, ಮೂರನೆಯ ಆವರ್ತ, ಅಷ್ಟರಲ್ಲಿ ಬಲತುದಿಯಲ್ಲಿ ಮುತ್ತಿನ ಸರ ನಡುವೆ ಹರಿಯಿತು, ಅಕ್ಕನ ಎಡಗೈ ತನ್ನ ಪಾಲಿನ ಮುತ್ತುಗಳನ್ನು ಅಲ್ಲಲ್ಲೇ ಬಿಟ್ಟು ಹೊರಟಿತು, ಅರ್ಧ ರಾಗ ಕುಂಟಿತು, ಸಭೆಯಲ್ಲಿ ಯಾರೋ ಉಸಿರೆಳೆದುಕೊಂಡರು, ಕಣ್ಣು ಮುಚ್ಚಿದ ದೆಜೆಗೆ ಕೇಳಿಸುವುದು ಮೇಲಿನ ಕುರ್ಚಿಯವಳ ಕೈ ಸೋತದ್ದು ಮಾತ್ರ, ಅವನ ಪೆನ್ನು ಪುಸ್ತಕದ ಮೇಲೆ ಚಲಿಸಿತು, ಇಲ್ಲ, ಅವಳಲ್ಲ, ನಾನು, ಎಂದು ಹೇಳುವ ಬಾಯಿ ಎಲ್ಲಿದೆ, ಆ ಕೈ ಬರುತ್ತಿದೆ, ಬಿಳಿಮನೆಗಳ ಮೇಲೆ ಅಷ್ಟು ದೂರದಿಂದ ಎಲ್ಲರೂ ನೋಡುವಂತೆ ಬರುತ್ತಿದೆ, ಗಡಿಯ ಹತ್ತಿರ ಬಂತು, ದಾಟಿತು, ಮಡಚಿ ಮಲಗಿದ ಎರಡು ಬೆರಳುಗಳ ಪಕ್ಕದಲ್ಲೇ, ಆ ಕರಿಮನೆಯ ಮೇಲೆ, ಆ ಕಿರುಬೆರಳು